ಓಡಿದ ಮರುದಿನ ನಡಿಗೆ

ಟೊರಾಂಟೊ
ಡಿಸೆಂಬರ್ 2024

ಅಪ್ಪಾಜಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಮಂಡಿ ನೋವಿದ್ದರೂ ನೀವು ಬೆಳಿಗ್ಗೆ ಸ್ಕೂಲ್ ಮೈದಾನಕ್ಕೆ ಹೋಗುವುದನ್ನು ಬಿಟ್ಟಿಲ್ಲ ಅಂತ ಅಮ್ಮ ಹೇಳಿದಳು. ಸ್ವಲ್ಪ ದಿನ ಸುಮ್ಮನಿರಿ.

ಇಲ್ಲಿ ನಾರ್ದರ್ನ್ ಸ್ಟಾರ್ ಪ್ರಶಸ್ತಿ ಪ್ರಕಟವಾಯಿತು. ಕೆನಡಾದ ವರ್ಷದ ಅತ್ಯುತ್ತಮ ಕ್ರೀಡಾಪಟುವನ್ನು ಕ್ರೀಡಾ ಪತ್ರಕರ್ತರು ಸೇರಿ ಆರಿಸುತ್ತಾರೆ. ಈ ಸಲ ಈಜುಗಾರ್ತಿ ಸಮ್ಮರ್ ಮೆಕಿಂಟಾಶ್‌ಗೆ ಬಂತು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 3 ಚಿನ್ನ, 1 ಬೆಳ್ಳಿ ಗೆದ್ದಾಗ ಅವಳಿಗೆ ಬರೀ 17 ವರ್ಷ.

ಸೆಪ್ಟೆಂಬರ್‌ನಲ್ಲಿ ನಿಮ್ಮ ಮೊಮ್ಮಗ ಶಾಲೆಯಲ್ಲಿ ಓಡಿದ್ದು ಯಾರ ಹೆಸರಿನ ಓಟ ಅಂತ ಕೇಳಿದ್ದಿರಲ್ಲ, ಆ ಟೆರ್ರಿ ಫಾಕ್ಸ್‌ಗೂ 1980ರಲ್ಲಿ ಇದೇ ಪ್ರಶಸ್ತಿ ಕೊಟ್ಟಿದ್ದರು. ಕ್ಯಾನ್ಸರ್‌ಗೆ ಬಲಗಾಲು ಕಳೆದುಕೊಂಡ ಹುಡುಗ, ಕೃತಕ ಕಾಲಿನಲ್ಲಿ 143 ದಿನ, 5,373 ಕಿ.ಮೀ. ಓಡಿದ. ದೇಶದ ಒಂದು ತುದಿಯಿಂದ ಹೊರಟವನು ಇನ್ನೊಂದು ತುದಿ ಮುಟ್ಟುವ ಮುಂಚೆ ಕಾಯಿಲೆ ಶ್ವಾಸಕೋಶಕ್ಕೆ ಹರಡಿ ನಿಲ್ಲಬೇಕಾಯಿತು. ಅವನು ಯಾರನ್ನೂ ಸೋಲಿಸಿರಲಿಲ್ಲ. ಆದರೂ ಆ ವರ್ಷ ಅವನಿಗಿಂತ ದೊಡ್ಡ ಓಟಗಾರ ಇರಲಿಲ್ಲ ಅಂತಲೇ ನನಗೂ ಅನ್ನಿಸುತ್ತೆ.

ಆಗ ಅದರ ಹೆಸರು ಲೂ ಮಾರ್ಷ್ ಟ್ರೋಫಿ. 1936ರಿಂದ ಇದ್ದ ಆ ಹೆಸರನ್ನು 2022ರಲ್ಲಿ ತೆಗೆದರು. ಯಾಕೆ ಅಂತ ಓದಿದಾಗಿನಿಂದ ನೀವೇ ನೆನಪಾಗುತ್ತಿದ್ದೀರಿ, ಅಪ್ಪಾಜಿ.

ಮಾರ್ಷ್, ಟೊರಾಂಟೊ ಸ್ಟಾರ್ ಪತ್ರಿಕೆಯ ಕ್ರೀಡಾ ಸಂಪಾದಕ. ಅವನ ಕಾಲದಲ್ಲಿ ಟಾಮ್ ಲಾಂಗ್‌ಬೋಟ್ ಅಂತ ಒಬ್ಬ ಓಟಗಾರ, ಇಲ್ಲಿನ ಮೂಲನಿವಾಸಿ. 1907ರಲ್ಲಿ ಬಾಸ್ಟನ್ ಮ್ಯಾರಥಾನ್ ಗೆದ್ದಾಗ ಹಳೆಯ ದಾಖಲೆಯನ್ನು ಸುಮಾರು 5 ನಿಮಿಷ ಹಿಂದಿಕ್ಕಿದ್ದ. ಮಾರ್ಷ್ ಅವನನ್ನು ಜನಾಂಗ ಹಿಡಿದು ಹೀಯಾಳಿಸಿ ಬರೆದ. ಲಾಂಗ್‌ಬೋಟ್ ಒಂದು ದಿನ ಜೋರಾಗಿ ಓಡಿದರೆ ಮುಂದಿನ ದಿನಗಳಲ್ಲಿ ಮೈ ಹಗುರ ಮಾಡಿಕೊಳ್ಳಲು ದೂರ ದೂರ ನಡೆಯುತ್ತಿದ್ದ. ಅದನ್ನು ಕಂಡವರು ಸೋಮಾರಿ ಅಂದರು. ಇವತ್ತು ಕೋಚ್‌ಗಳೇ ಅದನ್ನು ಹೇಳಿಕೊಡುತ್ತಾರೆ.

ನೀವೂ ನನಗೆ ಹೇಳುತ್ತಿದ್ದದ್ದು ಅದೇ ತಾನೇ? ಓಡಿದ ಮರುದಿನ ಕೆರೆ ಏರಿ ಮೇಲೆ ನಡಿಗೆ, ಅಷ್ಟೆ. ಮಗಳನ್ನು ಮುದ್ದು ಮಾಡಿ ಕೆಡಿಸುತ್ತಿದ್ದೀರಿ ಅಂತ ಸ್ಟಾಫ್ ರೂಮಿನಲ್ಲಿ ಅಂದವರಿಗೆ ನೀವು ಉತ್ತರ ಕೊಡಲಿಲ್ಲ. ಆಗ ನನಗೆ ನಿಮ್ಮ ಮೇಲೇ ಸಿಟ್ಟು ಬಂದಿತ್ತು.

ಖೇಲ್ ರತ್ನಕ್ಕೆ 2021ರಲ್ಲಿ ಧ್ಯಾನ್ ಚಂದ್ ಹೆಸರಿಟ್ಟಾಗ, ಆಟದ ಪ್ರಶಸ್ತಿಗೆ ಆಟಗಾರನ ಹೆಸರೇ ಸರಿ ಅಂತ ಫೋನಿನಲ್ಲಿ ಎಷ್ಟು ಖುಷಿಪಟ್ಟಿರಿ! ನನ್ನನ್ನು ಕೇಳಿದ್ದರೆ ಇಲ್ಲಿಯೂ ಲಾಂಗ್‌ಬೋಟ್ ಹೆಸರನ್ನೇ ಇಡಿ ಅನ್ನುತ್ತಿದ್ದೆ.

ಅವನ ಊರು ಸಿಕ್ಸ್ ನೇಷನ್ಸ್, ನಮ್ಮ ಮನೆಯಿಂದ ಕಾರಿನಲ್ಲಿ ಹೋಗಿಬರುವಷ್ಟೇ ದೂರ. ಜೂನ್‌ನಲ್ಲಿ ನೀವು ಬಂದಾಗ ಹೋಗೋಣ. ಅಲ್ಲಿ ನಾವಿಬ್ಬರೂ ಓಡುವುದು ಬೇಡ, ನಡೆಯೋಣ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು