ನಗದು, ಪ್ಯಾನ್, ಮುಂಗಡ ವಾಪಸು: ನಮ್ಮ ಮಂಟಪ ಮತ್ತು ಲಾಡ್ಜಿನ ಗ್ರಾಹಕರಿಗೆ

ಸಾಗರ
24 ನವೆಂಬರ್ 2025

ಮಾನ್ಯರೇ,

ಡಿಸೆಂಬರ್ 1ರಿಂದ ನಮ್ಮ ಕಲ್ಯಾಣ ಮಂಟಪದಲ್ಲೂ ಲಾಡ್ಜಿನಲ್ಲೂ ದುಡ್ಡು ತೆಗೆದುಕೊಳ್ಳುವ, ವಾಪಸು ಕೊಡುವ ಕ್ರಮ ಬದಲಾಗುತ್ತಿದೆ. ಕೌಂಟರಿನ ಮೇಲೊಂದು ಬೋರ್ಡು ಹಾಕಿ ಸುಮ್ಮನಿರಬಹುದಿತ್ತು. ಆದರೆ ಹೋದ ತಿಂಗಳು ಮೂರು ಮನೆಯವರು, ಅದೂ ಎರಡು ತಲೆಮಾರಿನಿಂದ ನಮ್ಮಲ್ಲೇ ಮದುವೆ ಮಾಡಿದವರು, ಬೇಸರ ಮಾಡಿಕೊಂಡು ಹೋದರು. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಬದಲಾವಣೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಸಮಾರಂಭದ ಲೆಕ್ಕದಲ್ಲಿ ನಗದು 50,000 ರೂಪಾಯಿ ದಾಟಿದರೆ ಪ್ಯಾನ್ ಬೇಕು. ಪ್ಯಾನ್ ಇಲ್ಲದವರು ಹಾಗೆಂದು ಘೋಷಿಸುವ ಫಾರಂ ತುಂಬಿ ಸಹಿ ಹಾಕಿದರಾಯಿತು. ಫಾರಂ ನಮ್ಮಲ್ಲೇ ಇದೆ, ತುಂಬುವುದಕ್ಕೆ ನಮ್ಮ ಹುಡುಗರೇ ನೆರವಾಗುತ್ತಾರೆ. ಎರಡು ಲಕ್ಷ ಮುಟ್ಟುವಷ್ಟು ನಗದನ್ನು ಯಾರಿಂದಲೂ ತೆಗೆದುಕೊಳ್ಳುವುದಿಲ್ಲ. ಮುಂಗಡ ವಾಪಸಾದರೆ ಬಂದ ದಾರಿಯಲ್ಲೇ, ಕೊಟ್ಟವರ ಕೈಗೇ: ನಗದು ಕೊಟ್ಟಿದ್ದರೆ ನಗದು, ಖಾತೆಯಿಂದ ಬಂದಿದ್ದರೆ ಅದೇ ಖಾತೆಗೆ. ರೂಮಿನಲ್ಲಿ ಉಳಿಯುವ ಪ್ರತಿಯೊಬ್ಬ ದೊಡ್ಡವರ ಗುರುತಿನ ಚೀಟಿ ನೋಡುತ್ತೇವೆ.

"ತೋಟದ ದುಡ್ಡು ಕಳ್ಳದುಡ್ಡಾ?" ಈ ಮಾತನ್ನು ಈ ಸೀಸನ್ನಿನಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಅಡಿಕೆ ಮಾರಿ ತಂದದ್ದು, ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ, ನಿಮಗ್ಯಾಕೆ ಪ್ಯಾನ್ ಎಂದು ಕೇಳುತ್ತೀರಿ. ನಮ್ಮ ಮನೆಯೂ ತೋಟದಿಂದಲೇ ಉಂಡು ಬೆಳೆದದ್ದು. ಕೊಳೆರೋಗದ ವರ್ಷ ಉಳಿದ ನಾಲ್ಕು ಮೂಟೆ ಮಾರಿ ಮಗಳ ಮದುವೆ ಮಾಡುವ ಅಪ್ಪನಿಗೆ ಆ ಕಂತೆಯಲ್ಲಿ ಎಷ್ಟು ಬೆವರಿದೆ ಎಂದು ನನಗೆ ಗೊತ್ತು. ನಿಮ್ಮ ದುಡ್ಡಿನ ಬಗ್ಗೆ ನಮಗೆ ಅನುಮಾನವಿಲ್ಲ.

ಆದರೆ ಇಲ್ಲಿ ಕಾಯ್ದೆ ದುಡ್ಡು ಎಲ್ಲಿಂದ ಬಂತೆಂದು ಕೇಳುವುದೇ ಇಲ್ಲ, ಹೇಗೆ ಕೊಟ್ಟರು ಎಂದಷ್ಟೇ ಕೇಳುತ್ತದೆ. ಈ ನಿಯಮ 1961ರ ಆದಾಯ ತೆರಿಗೆ ಕಾಯ್ದೆಯ 269ಎಸ್‌ಟಿ ಸೆಕ್ಷನ್ನಾಗಿ 2017ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಒಬ್ಬರಿಂದ ಒಂದು ದಿನದಲ್ಲಿ, ಇಲ್ಲವೇ ಒಂದೇ ವ್ಯವಹಾರಕ್ಕೆ, ಇಲ್ಲವೇ ಒಂದೇ ಸಮಾರಂಭಕ್ಕೆ ಸಂಬಂಧಿಸಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ದಂಡ ಅಷ್ಟೇ ಮೊತ್ತ, ಅದು ಕೊಟ್ಟವರಿಗಲ್ಲ, ತೆಗೆದುಕೊಂಡವರಿಗೆ.

ಲೆಕ್ಕ ಹಾಕಿ ನೋಡಿ. ಮಂಟಪದ ಬಾಡಿಗೆ 1,50,000, ಅದಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿದರೆ 1,77,000. ದಿಬ್ಬಣದವರಿಗೆ 1,200ರ ಹನ್ನೆರಡು ರೂಮು, ಎರಡು ರಾತ್ರಿ; ಶೇಕಡಾ 5 ತೆರಿಗೆ ಸೇರಿ 30,240. ಒಟ್ಟು 2,07,240. ಇಷ್ಟನ್ನೂ ನಗದಾಗಿ ತೆಗೆದುಕೊಂಡರೆ ನಾನು ದಂಡ ಕಟ್ಟಬೇಕಾದದ್ದು ಎರಡು ಲಕ್ಷದ ಮೇಲಿನ 7,240 ಅಲ್ಲ, ಪೂರಾ 2,07,240. ಮುಂಗಡ ಈ ತಿಂಗಳು, ಉಳಿದದ್ದು ಮುಂದಿನ ತಿಂಗಳು ಎಂದು ಕಂತು ಮಾಡಿದರೂ ಮದುವೆ ಒಂದೇ. ಹೆಣ್ಣಿನ ಕಡೆಯವರು ಮಂಟಪವನ್ನೂ ಗಂಡಿನ ಕಡೆಯವರು ರೂಮುಗಳನ್ನೂ ನಿಜವಾಗಿ ಬೇರೆಬೇರೆ ಹಿಡಿದಿದ್ದರೆ ಬೇರೆಬೇರೆ ಬಿಲ್ಲು ಕೊಡುತ್ತೇವೆ. "ಭಾವನ ಹೆಸರಿಗೆ ಸ್ವಲ್ಪ ಬರಿ, ಚಿಕ್ಕಪ್ಪನ ಹೆಸರಿಗೆ ಸ್ವಲ್ಪ ಬರಿ" ಎಂದರೆ ಮಾತ್ರ ಆಗುವುದಿಲ್ಲ. ದಯವಿಟ್ಟು ಕೌಂಟರಿನ ಹುಡುಗರನ್ನು ಒತ್ತಾಯಿಸಬೇಡಿ.

ಇಷ್ಟು ವರ್ಷ ಇಲ್ಲದ್ದು ಈಗೇಕೆ ಎಂದರೆ, ತಪ್ಪು ನಮ್ಮದು. ಮಂಟಪದ ರಸೀದಿ ಪುಸ್ತಕ ಬೇರೆ, ಲಾಡ್ಜಿನದು ಬೇರೆ, ಪಾತ್ರೆ ಬಾಡಿಗೆಯದು ಇನ್ನೊಂದು. ಒಂದು ಮದುವೆಯಿಂದ ಒಟ್ಟು ಎಷ್ಟು ನಗದು ಬಂತೆಂದು ಕೂಡಿ ನೋಡುವ ಪದ್ಧತಿಯೇ ಇರಲಿಲ್ಲ. ಈಗ ಮೂರನ್ನೂ ಒಂದೇ ಕಂಪ್ಯೂಟರ್ ಲೆಕ್ಕಕ್ಕೆ ತಂದಿದ್ದೇವೆ.

ಅದನ್ನು ತರಿಸಿದ್ದು ಹೋದ ವರ್ಷದ ಒಂದು ಘಟನೆ. ಮಳೆಗಾಲದಲ್ಲಿ ಜೋಗ ನೋಡಲು ಬಂದ ಯಾರೋ ಎರಡು ದಿನ ಉಳಿದು, ಯುಪಿಐನಲ್ಲಿ ದುಡ್ಡು ಕೊಟ್ಟು ಹೋದರು. ಮೂರು ವಾರ ಕಳೆದ ಮೇಲೆ ನಮ್ಮ ಚಾಲ್ತಿ ಖಾತೆಯೇ ತಡೆಯಾಯಿತು. ಬೇರೆ ರಾಜ್ಯದಲ್ಲಿ ಮೋಸ ಹೋದವರೊಬ್ಬರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದರು, ಅವರ ದುಡ್ಡಿನ ಒಂದು ತುಣುಕು ಕೈಯಿಂದ ಕೈಗೆ ದಾಟಿ ನಮ್ಮ ಖಾತೆಗೂ ಬಂದಿತ್ತು. ರೂಮು ಹಿಡಿದವರು ಯಾರೆಂದು ತೋರಿಸಲು ನಮ್ಮ ರಿಜಿಸ್ಟರಿನಲ್ಲಿ ಓದಲಾಗದ ಒಂದು ಸಹಿ ಬಿಟ್ಟು ಏನೂ ಇರಲಿಲ್ಲ. ಖಾತೆ ಬಿಡುಗಡೆಯಾಗುವವರೆಗೆ ಅಡಿಗೆ ಭಟ್ಟರಿಗೂ ಕಸ ಗುಡಿಸುವ ಅಕ್ಕಂದಿರಿಗೂ ಸಂಬಳ ಕೊಡಲು ಕೈಗಡ ತಂದೆ. ಅವರ ಮುಖ ನೋಡಲು ನಾಚಿಕೆಯಾಗಿತ್ತು.

ವಾಪಸಾತಿಯ ನಿಯಮ ಬಂದದ್ದೂ ಹೀಗೆಯೇ. ಗುರುತಿಲ್ಲದ ಒಬ್ಬರು ದೊಡ್ಡ ಮೊತ್ತವನ್ನು ನಗದಾಗಿ ಮುಂಗಡ ಕೊಟ್ಟು, ವಾರ ಬಿಟ್ಟು ಬುಕಿಂಗ್ ರದ್ದು ಮಾಡಿ, ದುಡ್ಡನ್ನು ಇನ್ನೊಬ್ಬರ ಖಾತೆಗೆ ಹಾಕಿ ಎಂದರು. ಹಾಕಿಕೊಟ್ಟರೆ ಎಲ್ಲಿಂದಲೋ ಬಂದ ನೋಟಿನ ಕಂತೆ ನಮ್ಮ ಹೆಸರಿನಲ್ಲಿ, ಮಂಟಪದ ಮುಂಗಡ ವಾಪಸು ಎಂಬ ದಾಖಲೆ ಸಮೇತ, ಚೊಕ್ಕ ದುಡ್ಡಾಗಿಬಿಡುತ್ತದೆ. ಕೊಡಲಿಲ್ಲ. ತಂದ ನಗದನ್ನೇ ಎಣಿಸಿ ಕೊಟ್ಟು ಸಹಿ ಹಾಕಿಸಿಕೊಂಡೆವು.

2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಕ್ಯಾಸಿನೊಗಳಿಗೆ (ಜೂಜಿನ ಕೇಂದ್ರಗಳಿಗೆ) ಹೊರಿಸಿರುವ, ಅನುಮಾನದ ವ್ಯವಹಾರಗಳನ್ನು ಸರ್ಕಾರಕ್ಕೆ ವರದಿ ಮಾಡುವ ಹೊರೆ ನಮ್ಮಂಥ ಲಾಡ್ಜುಗಳಿಗಿಲ್ಲ. ಆದರೂ ರೂಮುಗಳಲ್ಲಿ ದುಡ್ಡು ಕಟ್ಟಿ ಇಸ್ಪೀಟು ಆಡುವುದನ್ನು ಇನ್ನು ಮದುವೆ ಮನೆಯವರಿಗೂ ಬಿಡುವುದಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಜೂಜಿಗೆ ಜಾಗ ಕೊಟ್ಟವರ ಮೇಲೂ ಕೇಸಾಗುತ್ತದೆ.

ಇನ್ನು ಖರ್ಚಿನ ಮಾತು. ಸಾಫ್ಟ್‌ವೇರ್, ಸ್ಕ್ಯಾನರ್, ಕೌಂಟರಿಗೆ ಇನ್ನೊಬ್ಬರ ಸಂಬಳ, ಎಲ್ಲವೂ ನಮ್ಮದೇ. "ದಾಖಲೆ ಶುಲ್ಕ" ಎಂದು ಬಿಲ್ಲಿನಲ್ಲಿ ಒಂದು ಸಾಲೂ ಬರುವುದಿಲ್ಲ. ಯುಪಿಐಗೂ ಹೆಚ್ಚಿಗೆ ಕೇಳುವುದಿಲ್ಲ. ಆದರೆ ಜಿಎಸ್‌ಟಿಗೆ ನಮ್ಮನ್ನು ಬೈಯುವುದು ನ್ಯಾಯವಲ್ಲ. ಮಂಟಪದ ಬಾಡಿಗೆಯ ಮೇಲಿನ ಶೇಕಡಾ 18 ಸರ್ಕಾರಕ್ಕೆ ಹೋಗುವ ದುಡ್ಡು. ಸೆಪ್ಟೆಂಬರ್ 22ರಿಂದ ರೂಮಿನ ತೆರಿಗೆ 12ರಿಂದ 5ಕ್ಕೆ ಇಳಿದಿದೆ, ನೀವು ಯಾಕೆ ಅಷ್ಟೂ ಇಳಿಸಲಿಲ್ಲ ಎಂದು ಕೇಳಿದ್ದೀರಿ. ತೆರಿಗೆಯನ್ನು ಅಷ್ಟೂ ಇಳಿಸಿದ್ದೇವೆ, ಬಿಲ್ಲಿನಲ್ಲಿ ನೋಡಿ. ಮೂಲ ಬಾಡಿಗೆ ಇಳಿಸಲಾಗಲಿಲ್ಲ, ಏಕೆಂದರೆ ಆ 5ರ ಜೊತೆಗೆ ಹೂಡುವಳಿ ತೆರಿಗೆ ಜಮೆ ತಪ್ಪಿತು. ರೂಮಿನ ಬೆಡ್‌ಶೀಟು, ಬಣ್ಣ, ಗೀಸರಿಗೆ ನಾವು ಕಟ್ಟಿದ ತೆರಿಗೆಯನ್ನು ಮೊದಲು ವಜಾ ಹಾಕಿಕೊಳ್ಳುತ್ತಿದ್ದೆವು, ಈಗ ಅದು ನಮ್ಮ ಕೈಯಿಂದಲೇ. ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದಾಗ ಬೆಂಗಳೂರಿನ ಸಣ್ಣ ಅಂಗಡಿಯವರು "ನಗದು ಮಾತ್ರ" ಎಂದು ಚೀಟಿ ಅಂಟಿಸಿದ್ದರು. ಅವರ ಭಯ ನನಗೆ ಅರ್ಥವಾಗುತ್ತದೆ. ನಾವು ಮಾತ್ರ ಬಂದದ್ದೆಲ್ಲವನ್ನೂ ಬರೆದಿಡುವ ದಾರಿ ಹಿಡಿದಿದ್ದೇವೆ. ಈ ವಿಷಯದಲ್ಲಿ ನನಗೆ ಹೆಮ್ಮೆಯಿದೆ.

ಆಧಾರ್ ಪ್ರತಿ ಯಾರ ಕೈ ಸೇರುತ್ತದೋ ಎಂಬ ನಿಮ್ಮ ಆತಂಕ ಸರಿಯಾದದ್ದೇ. ಹಳೆಯ ಜೆರಾಕ್ಸುಗಳು ನಮ್ಮಲ್ಲಿ ರಟ್ಟಿನ ಡಬ್ಬದಲ್ಲಿ ಬಿದ್ದಿದ್ದವು, ಹಾಗಿಡಬಾರದಿತ್ತು, ಕ್ಷಮಿಸಿ. ಬೇಡದವನ್ನು ನಾನೇ ನಿಂತು ಸುಡಿಸಿದ್ದೇನೆ. ಇನ್ನು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಕೊಡಿ, ಇಲ್ಲವೇ ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್ ಸಾಕು. ವಿದೇಶಿ ಪೌರರ ಪಾಸ್‌ಪೋರ್ಟ್ ವಿವರ ಮಾತ್ರ 24 ಗಂಟೆಯೊಳಗೆ ಸರ್ಕಾರಕ್ಕೆ ಕಳಿಸಲೇಬೇಕು. ಅಮೆರಿಕದ ಪೌರತ್ವ ಪಡೆದ ನಿಮ್ಮ ಮಕ್ಕಳೂ ಅದರಲ್ಲಿ ಬರುತ್ತಾರೆ, ಮುಂಚೆಯೇ ಅವರಿಗೆ ತಿಳಿಸಿಡಿ.

ಅಕ್ಟೋಬರಿನಲ್ಲಿ ಬೆಳಗಿನ ಐದು ಗಂಟೆಗೆ, ನಾಂದಿಯ ಹೊತ್ತಿಗೆ, ಹುಡುಗಿಯ ತಂದೆಯನ್ನು ಪ್ಯಾನ್‌ಗಾಗಿ ಕೌಂಟರಿನಲ್ಲಿ ನಿಲ್ಲಿಸಿದ್ದು ದೊಡ್ಡ ತಪ್ಪು. ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ. ಇನ್ನು ಕಾಗದಪತ್ರದ ಕೆಲಸವೆಲ್ಲ ಮುಂಗಡ ಕೊಡುವ ದಿನವೇ ಮುಗಿಯುತ್ತದೆ. ಮದುವೆಯ ದಿನ ಯಾರೂ ನಿಮ್ಮನ್ನು ಏನೂ ಕೇಳುವುದಿಲ್ಲ.

ಈಗಾಗಲೇ ದಿನ ಗೊತ್ತು ಮಾಡಿದವರ ಬಾಡಿಗೆ ಬದಲಾಗುವುದಿಲ್ಲ. ಮಾರಿಕಾಂಬೆ ಜಾತ್ರೆಗೆ ರೂಮು ಹೇಳಿಟ್ಟವರ ರೂಮು ಹಾಗೆಯೇ ಇರುತ್ತದೆ, ಬರುವಾಗ ಗುರುತಿನ ಚೀಟಿ ತನ್ನಿ. ಬ್ಯಾಂಕಿನ ವ್ಯವಹಾರ ರೂಢಿಯಿಲ್ಲದ ಹಿರಿಯರು ಹಿಂದಿನ ದಿನ ಒಂದು ಫೋನು ಮಾಡಿ, ಚೆಕ್ ಬರೆಯಲೋ ಆರ್‌ಟಿಜಿಎಸ್ ಫಾರಂ ತುಂಬಲೋ ನಾನೇ ಜೊತೆಗೆ ಬ್ಯಾಂಕಿಗೆ ಬರುತ್ತೇನೆ. ನಂಬರು ನಿಮ್ಮ ಹಳೆಯ ರಸೀದಿಯಲ್ಲೇ ಇದೆ.

ಇಂತು ನಿಮ್ಮ ವಿಶ್ವಾಸಿ,
ಮಾಲೀಕರು