ಶನಿವಾರದ ಮಾತುಕತೆಗೆ ಮುಂಚೆ: ಯುರೋಪಾದ ಬೆನ್ನಿಗೆ ಬೀಳುವ ಏಟು

ಗೆಳೆಯರೇ, ಶನಿವಾರ ಸೇರುವ ಮುಂಚೆ ಇದನ್ನೊಮ್ಮೆ ಓದಿಕೊಂಡು ಬನ್ನಿ.

ಗುರು ಗ್ರಹ ಸುಮಾರು 10 ಗಂಟೆಗೆ ಒಂದು ಸುತ್ತು ತಿರುಗುತ್ತದೆ. ಅದರ ಕಾಂತಕ್ಷೇತ್ರವೂ, ಅದರಲ್ಲಿ ಸಿಕ್ಕಿಕೊಂಡ ವಿದ್ಯುತ್ ಕಣಗಳೂ ಜೊತೆಗೇ ತಿರುಗುತ್ತವೆ. ಗುರುವಿನ ಮಂಜುಗಡ್ಡೆ ಮುಚ್ಚಿದ ಚಂದ್ರ ಯುರೋಪಾ ಮಾತ್ರ ನಿಧಾನ, ಗುರುವನ್ನು ಸುತ್ತಲು ಮೂರೂವರೆ ದಿನ ಬೇಕು. ಹಾಗಾಗಿ ಕಣಗಳು ಹಿಂದಿನಿಂದ ಬಂದು ಅದರ ಬೆನ್ನಿಗೇ ಜಾಸ್ತಿ ಬಡಿಯುತ್ತವೆ. ಪಕ್ಕದ ಇನ್ನೊಂದು ಚಂದ್ರ ಅಯೋ ತನ್ನ ಜ್ವಾಲಾಮುಖಿಗಳಿಂದ ಉಗುಳಿದ ಗಂಧಕವೂ ಅಲ್ಲೇ ಬಂದು ಕೂರುತ್ತದೆ. ಫೋಟೋ ನೋಡಿ, ಆ ಬದಿ ಕೆಂಪು ಮಿಶ್ರಿತ ಕಂದು, ಮುಂದಿನ ಬದಿ ಬೆಳ್ಳಗೆ.

ನನಗೆ ಇಷ್ಟವಾದದ್ದು ಬೇರೆ. ಗುರುವಿನ ಕಾಂತದ ಅಕ್ಷ ಸುಮಾರು 10 ಡಿಗ್ರಿ ವಾಲಿದೆ. ಅದರಿಂದ ಯುರೋಪಾ ಇರುವಲ್ಲಿ ಕ್ಷೇತ್ರದ ದಿಕ್ಕು ಸುಮಾರು 11 ಗಂಟೆಗೊಮ್ಮೆ ತೂಗಾಡುತ್ತದೆ (ಯುರೋಪಾವೂ ಮುಂದೆ ಸಾಗುತ್ತಿರುವುದರಿಂದ 10 ಅಲ್ಲ). ಒಳಗೆ ಉಪ್ಪುನೀರಿದ್ದರೆ ಅದರಲ್ಲಿ ಕರೆಂಟ್ ಹರಿದು, ಎದುರು ಕಾಂತಕ್ಷೇತ್ರ ಹುಟ್ಟಬೇಕು ಅಲ್ವಾ? 2000ರ ಜನವರಿಯಲ್ಲಿ ಗೆಲಿಲಿಯೊ ನೌಕೆ ಹತ್ತಿರ ಹಾದಾಗ ಹಾಗೇ ಕಂಡಿತು, ದಿಕ್ಕು ಸಮೇತ. ಮಂಜುಗಡ್ಡೆಗೆ ಒಂದು ತೂತೂ ಕೊರೆಯದೆ ಕಡಲಿನ ಸುಳಿವು!

ಗುರುವಿನ ಮತ್ತೊಂದು ಚಂದ್ರ ಗ್ಯಾನಿಮೀಡ್ ಕಥೆಯೇ ಬೇರೆ, ಅದಕ್ಕೆ ಸ್ವಂತ ಕಾಂತಕ್ಷೇತ್ರವಿದೆ. ಅದು ಮುಂದಿನ ವಾರಕ್ಕೆ. ಪ್ರಶ್ನೆಗಳಿದ್ದರೆ ಇಲ್ಲೇ ಹಾಕಿ. ಸುಮ್ನೆ ಗುಡ್ ಮಾರ್ನಿಂಗ್ ಚಿತ್ರ ಬೇಡ.