ಘಟಕದ ಮಾರ್ಗದರ್ಶಿ ಪ್ರಶ್ನೆ ಬರೆಯುವ ಮುನ್ನ

ಎಲ್ಲ ಮೇಷ್ಟ್ರಿಗೂ ಮೇಡಂಗಳಿಗೂ ನಮಸ್ಕಾರ. ‘ನೀರು’ ಘಟಕದ ಪಾಠಯೋಜನೆ ಬರೆಯುವವರು ದಯವಿಟ್ಟು ಇದನ್ನು ಓದಿ. ಮಾರ್ಗದರ್ಶಿ ಪ್ರಶ್ನೆ ಎಂದರೆ ಇಡೀ ಘಟಕದ ಪಾಠಗಳನ್ನು ಮುನ್ನಡೆಸುವ ಒಂದು ಮುಖ್ಯ ಪ್ರಶ್ನೆ.

‘ನೀರಿನ ಮೂಲಗಳು ಯಾವುವು?’ ಎಂಬುದಕ್ಕೆ ಪುಸ್ತಕದ ಒಂದೇ ಸಾಲಿನಲ್ಲಿ ಉತ್ತರ ಸಿಗುತ್ತದೆ. ಅದು ಕಿರುಪರೀಕ್ಷೆಗೆ ಸರಿ, ಹತ್ತು ಪೀರಿಯಡ್ ಎಳೆಯಲು ಸಾಲದು. ‘ನೀರನ್ನು ಏಕೆ ಉಳಿಸಬೇಕು?’ ಇನ್ನೂ ತೊಂದರೆ: ಉತ್ತರ ಪ್ರಶ್ನೆಯೊಳಗೇ ಕುಳಿತಿದೆ, ಮಕ್ಕಳು ಗೋಡೆಬರಹ ಒಪ್ಪಿಸಿ ಸುಮ್ಮನಾಗುತ್ತಾರೆ.

ಹೀಗೆ ಕೇಳಿ ನೋಡಿ: ‘ಕೆರೆ ಬತ್ತಿದ ಊರಿನಲ್ಲಿ ಕೊಳವೆಬಾವಿಗಳೂ ಏಕೆ ಬತ್ತುತ್ತವೆ?’ ಇದಕ್ಕೆ ಇಂಗುವಿಕೆ, ಅಂತರ್ಜಲ, ಹೂಳು ಎಲ್ಲವೂ ಬೇಕಾಗುತ್ತವೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಸಮಸ್ಯೆಯನ್ನೂ ಇಲ್ಲಿಗೇ ಜೋಡಿಸಬಹುದು.

ಮೊದಲು ಘಟಕದ ಕೊನೆಯಲ್ಲಿ ಮಗು ಏನು ವಿವರಿಸಬೇಕು ಎಂದು ಎರಡು ವಾಕ್ಯ ಬರೆದುಕೊಳ್ಳಿ, ಪ್ರಶ್ನೆ ಆಮೇಲೆ. ಮುಖ್ಯ ಪ್ರಶ್ನೆ ಒಂದೇ ಇರಲಿ, ಅದರಡಿ ಮೂರೋ ನಾಲ್ಕೋ ಉಪಪ್ರಶ್ನೆ. ನಡುವೆ ‘ಮತ್ತು’ ಬಂದರೆ ಎರಡು ಪ್ರಶ್ನೆ ಅಂಟಿಕೊಂಡಿವೆಯೇ ನೋಡಿ. ಪ್ರತಿ ಉಪಪ್ರಶ್ನೆಗೂ ಕೈಯಲ್ಲಿ ಮಾಡುವ ಒಂದು ಕೆಲಸ ಬೇಕು. ‘ಯಾವ ಮಣ್ಣು ನೀರನ್ನು ಬೇಗ ಇಂಗಿಸುತ್ತದೆ?’ ಎಂಬುದಕ್ಕೆ ತಳ ತೂತು ಮಾಡಿದ ಎರಡು ಬಾಟಲಿ ಸಾಕು. ಒಂದರಲ್ಲಿ ಮರಳು, ಇನ್ನೊಂದರಲ್ಲಿ ಜೇಡಿಮಣ್ಣು, ಎರಡೂ ಒಂದೇ ಎತ್ತರಕ್ಕೆ. ತಲಾ 200 ಮಿಲಿ ನೀರು ಸುರಿದು ಐದು ನಿಮಿಷದಲ್ಲಿ ಕೆಳಗಿಳಿದದ್ದನ್ನು ಅಳೆಯಲಿ. ತೂತಿಗೆ ಬಟ್ಟೆ ಕಟ್ಟದಿದ್ದರೆ ಮರಳೇ ಸುರಿದು ಹೋಗುತ್ತದೆ.

ಮುಖ್ಯ ಪ್ರಶ್ನೆ ಬೋರ್ಡಿನ ಮೂಲೆಯಲ್ಲಿ ಘಟಕ ಮುಗಿಯುವವರೆಗೂ ಇರಲಿ. ಮೊದಲ ದಿನವೇ ಮಕ್ಕಳು ತಮಗೆ ತೋಚಿದ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ, ತಪ್ಪಿದ್ದರೂ ತಿದ್ದಬೇಡಿ. ಕೊನೆಯ ದಿನ ಅದರ ಕೆಳಗೇ ಹೊಸ ಉತ್ತರ ಬರೆಸಿ.

ನಿಮ್ಮ ಪ್ರಶ್ನೆಯನ್ನು ಶನಿವಾರದೊಳಗೆ ಇಲ್ಲಿ ಹಾಕಿ, ತರಗತಿ ನಮೂದಿಸಿ.